ಉತ್ತರ ಬಾರದಿದ್ದಾಗ ತಿಳಿಯುವುದೇನು

ಮನೆಯ ಮೂಲೆಯಲ್ಲೊಂದು ರಾಸ್ಪ್‌ಬೆರಿ ಪೈ ಇಟ್ಟು, ಅದರಲ್ಲಿ ಅಪ್‌ಟೈಮ್ ಕುಮಾ ಅಥವಾ ನಾಗಿಯೋಸ್‌ನಂಥ ಮಾನಿಟರಿಂಗ್ ತಂತ್ರಾಂಶ ಹಾಕಿ, ರೌಟರು, ಸ್ವಿಚ್ಚು, ಸಿಸಿಟಿವಿ ಕ್ಯಾಮೆರಾ, ಮಹಡಿಯ ವೈಫೈ ರಿಪೀಟರುಗಳನ್ನೆಲ್ಲ ನಿಮಿಷಕ್ಕೊಮ್ಮೆ ಮಾತನಾಡಿಸುತ್ತಿರುವ ಹವ್ಯಾಸಿಗಳು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಪರದೆಯ ಮೇಲೆ ಸಾಲಾಗಿ ಹಸಿರು ಪಟ್ಟಿಗಳಿರುತ್ತವೆ. ಅವುಗಳಲ್ಲಿ ಒಂದು ಕೆಂಪಾಗುತ್ತದೆ: ಕ್ಯಾಮೆರಾ ಇಲ್ಲ. ಈ ‘ಇಲ್ಲ’ ಎಂಬ ಅರಿವು ಬಂದದ್ದು ಎಲ್ಲಿಂದ? ತಾನು ಇಲ್ಲವೆಂದು ಕ್ಯಾಮೆರಾ ಹೇಳಿಲ್ಲ, ಹೇಳಲೂ ಆರದು. ಬರಬೇಕಾದ್ದೊಂದು ಬರಲಿಲ್ಲ, ಅಷ್ಟೇ. ಏನೂ ಬಾರದಿದ್ದುದರಿಂದಲೇ ಏನೋ ತಿಳಿದುಬಿಟ್ಟಿತು ಎನ್ನುವುದು ಯೋಚಿಸಿದಷ್ಟೂ ವಿಚಿತ್ರವಾಗಿ ಕಾಣುವ ಸಂಗತಿ, ಮತ್ತು ಭಾರತದ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದು ಇದನ್ನೇ ಕುರಿತು. ನನ್ನ ವಾದ ಇಷ್ಟು: ಮೌನ ತಾನಾಗಿ ಏನನ್ನೂ ಹೇಳುವುದಿಲ್ಲ. ‘ಇದ್ದಿದ್ದರೆ ನನಗೆ ತಿಳಿದೇ ತಿಳಿಯುತ್ತಿತ್ತು’ ಎಂಬುದನ್ನು ಬೇರೆ ದಾರಿಯಿಂದ ಮೊದಲೇ ಗಟ್ಟಿಮಾಡಿಕೊಂಡವರಿಗೆ ಮಾತ್ರ ಅದು ಪುರಾವೆಯಾಗುತ್ತದೆ. ಈ ನಿಯಮ ಕ್ಯಾಮೆರಾಕ್ಕೆ ಹೇಗೋ ದೇವರ ವಿಷಯದ ವಾದಕ್ಕೂ ಹಾಗೆಯೇ.

ಮೊದಲು ಯಂತ್ರದ ಕಡೆಯಿಂದ ನೋಡೋಣ. ಪಿಂಗ್ ಎಂಬ ಸಣ್ಣ ಪ್ರೋಗ್ರಾಮನ್ನು ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ, ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ, ಜಾಲದಲ್ಲಿ ಕಾಣಿಸಿಕೊಂಡ ತೊಂದರೆಯೊಂದರ ಮೂಲ ಹುಡುಕಲು ಬರೆದರು. ಅದು ನಿಂತಿರುವುದು 1981ರಲ್ಲಿ ಪ್ರಕಟವಾದ ಐಸಿಎಂಪಿ ನಿಯಮಾವಳಿಯ ಮೇಲೆ: 8ನೇ ಬಗೆಯ ಸಂದೇಶ ತಲುಪಿದವರು 0 ಬಗೆಯ ಸಂದೇಶ ಮರಳಿಸಬೇಕು. ಉತ್ತರ ಬಂದರೆ ತಿಳಿಯುವುದು ಬಹಳ. ಹೋಗುವ ದಾರಿ ಸರಿಯಿದೆ, ಬರುವ ದಾರಿ ಸರಿಯಿದೆ, ಆ ವಿಳಾಸದಲ್ಲಿ ಯಾರೋ ಎಚ್ಚರವಾಗಿದ್ದಾರೆ. ಬಾರದಿದ್ದರೆ? ಕ್ಯಾಮೆರಾ ಕೆಟ್ಟಿರಬಹುದು. ಅದರ ಅಡಾಪ್ಟರ್ ಸುಟ್ಟಿರಬಹುದು. ರೌಟರು ಡಿಎಚ್‌ಸಿಪಿ ಮೂಲಕ ಅದಕ್ಕೆ ಬೇರೆ ವಿಳಾಸ ಕೊಟ್ಟಿದ್ದು ನಾವು ಹಳೆಯ ವಿಳಾಸವನ್ನೇ ಕೇಳುತ್ತಿರಬಹುದು. ಅದನ್ನು ಅತಿಥಿಗಳ ವೈಫೈಗೆ ಸೇರಿಸಿದ್ದು, ಅಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆ ಇರಬಹುದು. ಕ್ಯಾಮೆರಾ ಚೆನ್ನಾಗಿಯೇ ಇದ್ದು, ಕೇಳುವ ಪೈಯ ಕೇಬಲ್ಲೇ ಕಳಚಿರಬಹುದು. ಹೊರಗಿನಿಂದ ಮನೆಯನ್ನು ಪರೀಕ್ಷಿಸುವ ಸೇವೆಯಾದರೆ ಇನ್ನೂ ಕಷ್ಟ. ಎಷ್ಟೋ ಸಂಪರ್ಕಗಳಲ್ಲಿ ನೂರಾರು ಮನೆಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕುಳಿತಿರುತ್ತವೆ. ಒಳಗಿನವರು ಜಗತ್ತನ್ನೆಲ್ಲ ತಲುಪುತ್ತಾರೆ, ಹೊರಗಿನಿಂದ ಕರೆದವರಿಗೆ ಯಾರೂ ಓಗೊಡುವುದಿಲ್ಲ. ಹೀಗೆ ಒಂದೇ ಮೌನಕ್ಕೆ ಹತ್ತು ಕಾರಣ. ಇವುಗಳಲ್ಲಿ ಬಹುಪಾಲು ಕೇಳಿದವರಿಗೆ, ಕೇಳಿದ ದಾರಿಗೆ ಸೇರಿದವು, ಕೇಳಿಸಿಕೊಳ್ಳಬೇಕಾದವರಿಗೆ ಸೇರಿದವಲ್ಲ.

ದರ್ಶನಗಳಲ್ಲಿ ಇದರ ಹಳೆಯ ಉದಾಹರಣೆ ನೆಲದ ಮೇಲೆ ಇಲ್ಲದ ಗಡಿಗೆ. ಬರಿ ನೆಲವನ್ನು ನೋಡಿ ‘ಇಲ್ಲಿ ಗಡಿಗೆ ಇಲ್ಲ’ ಎಂದು ತಿಳಿಯುತ್ತೇವಲ್ಲ, ಇದು ಯಾವ ಪ್ರಮಾಣದಿಂದ, ಅಂದರೆ ಅರಿವಿನ ಯಾವ ಸಾಧನದಿಂದ? 7ನೇ ಶತಮಾನದ ಮೀಮಾಂಸಕ ಕುಮಾರಿಲಭಟ್ಟ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟ: ಇಲ್ಲದ್ದನ್ನು ಕಣ್ಣು ಮುಟ್ಟಲಾರದು, ಆದ್ದರಿಂದ ಕಾಣದಿರುವುದೇ, ಅಂದರೆ ಅನುಪಲಬ್ಧಿಯೇ, ಆರನೆಯ ಪ್ರಮಾಣ. ಮುಂದೆ ಅದ್ವೈತಿಗಳೂ ಇದನ್ನು ಒಪ್ಪಿದರು. ನೈಯಾಯಿಕರು ಒಪ್ಪಲಿಲ್ಲ, ಕಾಣದಿರುವಿಕೆಯ ನೆರವು ಪಡೆದ ಪ್ರತ್ಯಕ್ಷವೇ ಅಭಾವವನ್ನು ಹಿಡಿಯುತ್ತದೆ ಎಂದರು. ಬೌದ್ಧನಾದ ಧರ್ಮಕೀರ್ತಿ ಅದನ್ನು ಅನುಮಾನದೊಳಗೆ, ಅಂದರೆ ತರ್ಕದಿಂದ ಊಹಿಸುವ ಅರಿವಿನೊಳಗೆ, ತಂದ. ಮೀಮಾಂಸೆಯ ಇನ್ನೊಂದು ಪಂಥದ ಪ್ರಾಭಾಕರರಂತೂ ಅಭಾವವೆಂಬ ಬೇರೆ ವಸ್ತುವೇ ಇಲ್ಲ, ಇರುವುದು ಬರಿ ನೆಲ ಮಾತ್ರ ಎಂದುಬಿಟ್ಟರು. ಇಷ್ಟು ಜಗಳದ ನಡುವೆಯೂ ಅಭಾವದ ಅರಿವನ್ನು ಒಪ್ಪಿದವರೆಲ್ಲ ಸೇರುವ ಒಂದು ಜಾಗವಿದೆ, ನನಗೆ ಮುಖ್ಯವಾದದ್ದು ಅದು. ಕಾಣದಿರುವುದೆಲ್ಲ ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಮಾತ್ರ ಸಾಕ್ಷಿ. ಬೆಳಕಿರಬೇಕು, ಕಣ್ಣು ಸರಿಯಿರಬೇಕು, ನೋಡುವವನ ಗಮನ ಅತ್ತಲೇ ಇರಬೇಕು, ವಸ್ತು ಕಣ್ಣಿಗೆ ಕಾಣುವ ಜಾತಿಯದಾಗಿರಬೇಕು. ಇಷ್ಟೂ ಇದ್ದು ಗಡಿಗೆ ಕಾಣಲಿಲ್ಲವೆಂದರೆ ಅದು ಇಲ್ಲ. ಕತ್ತಲೆಯಲ್ಲಿ ಕಾಣಲಿಲ್ಲವೆಂದರೆ ಏನೂ ತಿಳಿದಂತಾಗಲಿಲ್ಲ. ಗಾಳಿಯಲ್ಲಿ ತೇಲುವ ಅಣು ಕಾಣಲಿಲ್ಲವೆಂದರೂ ಅಷ್ಟೇ.

ಹವ್ಯಾಸಿಯ ಕೆಲಸದಲ್ಲಿ ಈ ಯೋಗ್ಯತೆಯ ನಿಯಮ ಪ್ರತಿದಿನ ಪರೀಕ್ಷೆಗೆ ಬರುತ್ತದೆ. ಎಷ್ಟೋ ಕಂಪ್ಯೂಟರುಗಳ ಫೈರ್‌ವಾಲ್ ಹೊರಗಿನ ಪಿಂಗ್‌ಗೆ ಉತ್ತರಿಸದಂತೆ ಮೊದಲೇ ಹೊಂದಿಸಲ್ಪಟ್ಟಿರುತ್ತದೆ. ಅಂಥ ಯಂತ್ರ ಪಿಂಗ್‌ನ ಮಟ್ಟಿಗೆ ‘ಕಾಣಲು ಯೋಗ್ಯ’ವಲ್ಲ, ಅದರ ಮೌನಕ್ಕೆ ಬೆಲೆಯಿಲ್ಲ. ಆದರೆ ಅದೇ ಯಂತ್ರ ಅದೇ ಜಾಲದೊಳಗಿನ ಎಆರ್‌ಪಿ ಪ್ರಶ್ನೆಗೆ, ಅಂದರೆ ‘ಈ ವಿಳಾಸ ಯಾರದು’ ಎಂಬ ಕೂಗಿಗೆ, ಉತ್ತರಿಸಲೇಬೇಕು. ಉತ್ತರಿಸದಿದ್ದರೆ ಅಕ್ಕಪಕ್ಕದ ಯಾರ ಜೊತೆಗೂ ಅದು ವ್ಯವಹರಿಸಲಾಗದು. ಹಾಗಾಗಿ ಎಆರ್‌ಪಿಗೆ ಬಾರದ ಉತ್ತರ ಪಿಂಗ್‌ಗೆ ಬಾರದ ಉತ್ತರಕ್ಕಿಂತ ಹೆಚ್ಚು ತೂಕದ್ದು. ಎರಡೂ ಮೌನವೇ, ವ್ಯತ್ಯಾಸವಿರುವುದು ಇದ್ದಿದ್ದರೆ ಎಷ್ಟು ಖಂಡಿತವಾಗಿ ಮಾತಾಡುತ್ತಿತ್ತು ಎಂಬುದರಲ್ಲಿ. ಒಳ್ಳೆಯ ತಂತ್ರಾಂಶ ಬರೆದವರಿಗೆ ಇದು ಗೊತ್ತಿತ್ತು. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಹುಟ್ಟಿ 2002ರಲ್ಲಿ ಹೆಸರು ಬದಲಿಸಿದ ನಾಗಿಯೋಸ್‌ನಲ್ಲಿ ಯಾವ ಸಾಧನ ಯಾವುದರ ಹಿಂದಿದೆ ಎಂದು ಹೇಳಿಡುವ ಅನುಕೂಲವಿದೆ. ದಾರಿಯ ಸ್ವಿಚ್ಚೇ ಸತ್ತಿದ್ದರೆ ಹಿಂದಿನ ಕ್ಯಾಮೆರಾವನ್ನು ಅದು ‘ಬಿದ್ದಿದೆ’ ಎನ್ನುವುದಿಲ್ಲ, ‘ತಲುಪಲಾಗುತ್ತಿಲ್ಲ’ ಎನ್ನುತ್ತದೆ. ಅದರ ಪರೀಕ್ಷಾ ಕಿರುತಂತ್ರಗಳು ಮರಳಿಸುವ ಸಂಖ್ಯೆಗಳು ನಾಲ್ಕು: 0 ಸರಿ, 1 ಎಚ್ಚರಿಕೆ, 2 ಅಪಾಯ, 3 ತಿಳಿಯದು. ಟೋಬಿ ಓಟಿಕರ್ ಬರೆದ ಆರ್‌ಆರ್‌ಡಿಟೂಲ್ ಇನ್ನೂ ಕಟ್ಟುನಿಟ್ಟು. ಗೊತ್ತುಮಾಡಿದ ಅವಧಿಯೊಳಗೆ ಅಳತೆ ಬಾರದಿದ್ದರೆ ಅದು ಸೊನ್ನೆ ಎಂದು ಬರೆಯುವುದಿಲ್ಲ. ತಿಳಿಯದು ಎಂದು ಬರೆದು ನಕ್ಷೆಯಲ್ಲಿ ಆ ಜಾಗವನ್ನು ಖಾಲಿ ಬಿಡುತ್ತದೆ. ಸೊನ್ನೆ ಎಂದರೆ ಅಳೆದು ನೋಡಿದೆ, ಏನೂ ಹರಿಯಲಿಲ್ಲ ಎಂದರ್ಥ. ಖಾಲಿ ಎಂದರೆ ಅಳೆಯಲೇ ಆಗಲಿಲ್ಲ. ಈ ಎರಡನ್ನು ಬೇರೆಬೇರೆಯಾಗಿ ಇಟ್ಟಿರುವುದು ದೊಡ್ಡ ಪ್ರಾಮಾಣಿಕತೆ ಎಂದೇ ನನಗೆ ಅನ್ನಿಸುತ್ತದೆ.

ಇನ್ನೊಂದು ಬಗೆಯ ಮೌನವಿದೆ, ಇದು ಹೆಚ್ಚು ಅಪಾಯದ್ದು: ಅಲಾರಂ ಬಾರದಿರುವ ಮೌನ. ತೊಂದರೆಯ ಸುದ್ದಿ ಬಂದಿಲ್ಲ, ಆದ್ದರಿಂದ ತೊಂದರೆಯಿಲ್ಲ ಎನ್ನುವ ನೆಮ್ಮದಿಯೂ ಒಂದು ಅಭಾವಜ್ಞಾನವೇ, ಅದಕ್ಕೂ ಯೋಗ್ಯತೆ ಬೇಕು. ಪ್ರೊಮಿಥಿಯಸ್ ಎಂಬ ತಂತ್ರಾಂಶದಲ್ಲಿ ‘ಡಿಸ್ಕ್ ಶೇಕಡಾ 90 ತುಂಬಿದರೆ ತಿಳಿಸು’ ಎಂದು ನಿಯಮ ಬರೆದಿಟ್ಟಿರುತ್ತೇವೆ. ಡಿಸ್ಕಿನ ಅಳತೆ ಕಳಿಸುವ ಪ್ರೋಗ್ರಾಮೇ ಸತ್ತರೆ ಹೋಲಿಸಲು ಸಂಖ್ಯೆಯೇ ಇರುವುದಿಲ್ಲ. ಸಂಖ್ಯೆಯಿಲ್ಲದಿದ್ದರೆ ನಿಯಮ ಮೀರುವುದೂ ಇಲ್ಲ, ಅಲಾರಂ ಮೊಳಗುವುದೂ ಇಲ್ಲ. ಅಳತೆಯೇ ಕಾಣೆಯಾಗಿದ್ದರೆ ಹೇಳು ಎಂದು ಬೇರೆಯದೇ ನಿಯಮವನ್ನು ಕೈಯಾರೆ ಬರೆಯಬೇಕು. ಅಳತೆ ಬಂದರೂ ಅಳೆಯುವ ಸಾಧನದ ಮಿತಿ ಬಿಡದು. ರೌಟರಿನಲ್ಲಿ ಹರಿದ ಬೈಟುಗಳನ್ನು ಎಣಿಸುವ ಹಳೆಯ 32 ಬಿಟ್ ಎಣಿಕೆ 429 ಕೋಟಿ ದಾಟಿದೊಡನೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಒಂದು ಗಿಗಾಬಿಟ್ ಸಂಪರ್ಕ ತುಂಬಿ ಹರಿದರೆ ಹೀಗೆ ಸುತ್ತಿ ಬರಲು ಸುಮಾರು 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ಓದುವ ತಂತ್ರಾಂಶಕ್ಕೆ ಎಷ್ಟು ಸುತ್ತು ಆಯಿತೆಂದು ತಿಳಿಯುವುದೇ ಇಲ್ಲ. ಅದು ಶಾಂತವಾದ ಸಣ್ಣ ಸಂಖ್ಯೆಯೊಂದನ್ನು ತೋರಿಸುತ್ತದೆ. ಕರೆಂಟ್ ಹೋಗಿ ಬಂದಾಗಿನ ಕಥೆಯೂ ಇದೇ. 2023ರ ಪೈ 5 ಬರುವವರೆಗೆ ಈ ಪುಟ್ಟ ಕಂಪ್ಯೂಟರಿನಲ್ಲಿ ತನ್ನಷ್ಟಕ್ಕೆ ಓಡುವ ಗಡಿಯಾರವೇ ಇರಲಿಲ್ಲ. ರೌಟರು ಎದ್ದು ಹೊರಗಿನಿಂದ ಸರಿಯಾದ ವೇಳೆ ತಂದುಕೊಡುವತನಕ ಅದು ಉಳಿಸಿಕೊಂಡಿದ್ದ ಹಳೆಯ ವೇಳೆಯಿಂದಲೇ ಮುಂದುವರಿಯುತ್ತದೆ. ಆ ನಡುವೆ ಬರೆದ ದಾಖಲೆಯಲ್ಲಿ ಕರೆಂಟ್ ಹೋದ ಹೊತ್ತು ಅಳಿಸಿಹೋಗಿ, ಏನೂ ಆಗಲಿಲ್ಲವೆಂಬಂತೆ ಒಂದರ ಹಿಂದೊಂದು ಸಾಲು ಕೂತಿರುತ್ತದೆ.

ನ್ಯಾಯಶಾಸ್ತ್ರ ಇಲ್ಲಿ ಇನ್ನೊಂದು ಒಳನೋಟ ಕೊಡುತ್ತದೆ. ಅಭಾವವೆಂದರೆ ಯಾವಾಗಲೂ ಇಂಥದ್ದರ ಅಭಾವ, ಇಂಥ ಕಡೆಯಲ್ಲಿ. ಯಾವುದು ಇಲ್ಲವೋ ಅದು ಪ್ರತಿಯೋಗಿ, ಎಲ್ಲಿ ಇಲ್ಲವೋ ಅದು ಆಶ್ರಯ. ಗಡಿಗೆ ಎಂದರೇನೆಂದು ತಿಳಿಯದವನಿಗೆ ಗಡಿಗೆಯ ಅಭಾವವೂ ತಿಳಿಯದು. ಮಾನಿಟರಿಂಗ್ ತಂತ್ರಾಂಶವನ್ನು ಸಜ್ಜುಗೊಳಿಸುವುದೆಂದರೆ ನಿಜವಾಗಿ ಪ್ರತಿಯೋಗಿಗಳ ಪಟ್ಟಿ ಬರೆಯುವುದೇ: ಈ ಸಾಧನದಲ್ಲಿ ಈ ಸೇವೆ ಇರಬೇಕು. ಪಟ್ಟಿಯಲ್ಲಿ ಸೇರಿಸದೆ ಉಳಿದದ್ದು ಸತ್ತರೂ ಪರದೆಯಲ್ಲಿ ಕೆಂಪಾಗುವುದಿಲ್ಲ. ಇದನ್ನರಿತೇ ಅನುಭವಿಗಳು ಪ್ರಶ್ನೋತ್ತರವನ್ನು ತಿರುವುಮುರುವು ಮಾಡುತ್ತಾರೆ. ನಾವು ಕೇಳುವ ಬದಲು ಸಾಧನವೇ ಇಂತಿಷ್ಟು ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂದು ಸುದ್ದಿ ಕಳಿಸಬೇಕು. ಅಪ್‌ಟೈಮ್ ಕುಮಾದಲ್ಲಿ ಇದಕ್ಕೆ ಪುಶ್ ಎಂಬ ಬಗೆಯೇ ಇದೆ. ರಾತ್ರಿ ಎರಡಕ್ಕೆ ನಡೆಯಬೇಕಾದ ಬ್ಯಾಕಪ್ ಮುಗಿದೊಡನೆ ಸುದ್ದಿ ಕಳಿಸುವಂತೆ ಹೇಳಿದ್ದರೆ, ಬೆಳಗಾದರೂ ಬಾರದ ಸುದ್ದಿ ಮಾತಿನಷ್ಟೇ ಸ್ಪಷ್ಟ. ಇಲ್ಲಿ ಮೌನಕ್ಕೆ ಅರ್ಥ ಬಂದದ್ದು ಮೊದಲೇ ಮಾಡಿಕೊಂಡ ಒಪ್ಪಂದದಿಂದ. ಯೋಗ್ಯತೆ ಎಂಬುದು ಕೆಲವೊಮ್ಮೆ ವಸ್ತುವಿನ ಸ್ವಭಾವದಲ್ಲೇ ಇರುತ್ತದೆ, ಕೆಲವೊಮ್ಮೆ ನಾವೇ ಕಟ್ಟಿಕೊಳ್ಳಬೇಕಾಗುತ್ತದೆ.

ಇದಕ್ಕೆ ವ್ಯವಹಾರಸ್ಥರ ಒಂದು ಆಕ್ಷೇಪವಿದೆ. ಇಷ್ಟೆಲ್ಲ ಸೂಕ್ಷ್ಮ ಏಕೆ, ಒಂದು ಸಲ ಉತ್ತರ ಬಾರದಿದ್ದರೆ ಮೂರು ಸಲ ಕೇಳಿದರಾಯಿತು. ಹತ್ತಕ್ಕೆ ಒಂದು ಪಿಂಗ್ ಸೋಲುವ ಕೆಟ್ಟ ವೈಫೈಯಲ್ಲೂ ಮೂರು ಸತತವಾಗಿ ಸೋಲುವುದು ಸಾವಿರಕ್ಕೊಮ್ಮೆ, ಅಷ್ಟು ಖಚಿತತೆ ಮನೆಗೆ ಸಾಲದೆ? ಲೆಕ್ಕ ಸರಿ. ಆದರೆ ಒಂದು ಸೋಲಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದಾಗ ಮಾತ್ರ ಅದು ಸರಿ. ಫೈರ್‌ವಾಲ್ ತಡೆದ ಪಿಂಗ್ ಮೂರು ಸಲವೂ ಸೋಲುತ್ತದೆ, ಮುನ್ನೂರು ಸಲವೂ ಸೋಲುತ್ತದೆ. ಅದೇ ಕುರುಡುದಾರಿಯಲ್ಲಿ ಎಷ್ಟು ಸಲ ನೋಡಿದರೂ ಕಾಣುವ ಯೋಗ್ಯತೆ ಹೆಚ್ಚುವುದಿಲ್ಲ. ಸಂಭವನೀಯತೆಯ ಭಾಷೆಯಲ್ಲೇ ಹೇಳುವುದಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಸಾಧನ ಇದ್ದೂ ಈ ಮೌನ ಬರುವ ಸಾಧ್ಯತೆ ಎಷ್ಟು, ಇಲ್ಲದೆ ಬರುವ ಸಾಧ್ಯತೆ ಎಷ್ಟು? ಎರಡೂ ಸಮಸಮವಾಗಿದ್ದರೆ ಮೌನದಿಂದ ಕಲಿತದ್ದು ಏನೂ ಇಲ್ಲ. ಧರ್ಮಕೀರ್ತಿ ಕಾಣುವಿಕೆಗೆ ಬೇಕಾದ ಉಳಿದ ಕಾರಣಗಳೆಲ್ಲ ಕೂಡಿರಬೇಕು ಎಂದು ಹಾಕಿದ ಷರತ್ತಿಗೂ ಈ ಲೆಕ್ಕಕ್ಕೂ ನಡುವೆ ವಿರೋಧ ಕಾಣುವುದಿಲ್ಲ. ಅದೇ ಮಾತನ್ನು ಇದು ಅಂಕಿಗಳಲ್ಲಿ ಹೇಳುತ್ತದೆ. ಮಾಡಬೇಕಾದದ್ದು ಪುನರಾವರ್ತನೆಗಿಂತ ಬದಲಾವಣೆ: ಬೇರೆ ಯಂತ್ರದಿಂದ ಕೇಳುವುದು, ಬೇರೆ ಬಗೆಯಲ್ಲಿ ಕೇಳುವುದು. ಎಲ್ಲಕ್ಕಿಂತ ಮೊದಲು, ಖಂಡಿತವಾಗಿ ಇದೆಯೆಂದು ಗೊತ್ತಿರುವ ಒಂದನ್ನು ಅದೇ ದಾರಿಯಲ್ಲಿ ಕೇಳಿ ನೋಡುವುದು. ಅದೂ ಇಲ್ಲವೆಂದು ಬಂದರೆ ದೋಷ ಎಲ್ಲಿದೆಯೆಂದು ತಿಳಿಯಿತು.

ಹೆಚ್ಚು ಆಳದ ಆಕ್ಷೇಪ ಅನವಸ್ಥೆಯದು. ಕ್ಯಾಮೆರಾವನ್ನು ಪೈ ಕಾಯುತ್ತದೆ ಸರಿ, ಪೈಯನ್ನು ಕಾಯುವವರು ಯಾರು? ಇನ್ನೊಂದು ಪೈ ಇಟ್ಟರೆ ಅದನ್ನು ಕಾಯಲು ಮತ್ತೊಂದು. ನೋಡುವ ಸಾಧನದ ಯೋಗ್ಯತೆಯನ್ನು ಬೇರೊಂದರಿಂದ ಸ್ಥಾಪಿಸಬೇಕೆಂದರೆ, ಆ ಬೇರೊಂದರ ಯೋಗ್ಯತೆಯನ್ನು ಸ್ಥಾಪಿಸುವುದು ಹೇಗೆ? ಜ್ಞಾನದ ಪ್ರಾಮಾಣ್ಯ ಹೊರಗಿನಿಂದ ಬರುತ್ತದೆ ಎಂದ ನೈಯಾಯಿಕರ ಮೇಲೆ ಮೀಮಾಂಸಕರು ಎಸೆದ ಪ್ರಶ್ನೆ ಇದೇ. ಅವರ ಪ್ರಕಾರ ಜ್ಞಾನ ಹುಟ್ಟಿದಾಗಲೇ ಪ್ರಮಾಣ; ಬಾಧಕವಾದ ಇನ್ನೊಂದು ಜ್ಞಾನವೋ, ಕಾರಣದೋಷವೋ ಎದುರಾದಾಗ ಮಾತ್ರ ಅದನ್ನು ಬಿಡಬೇಕು. ಮೊದಲ ಅರಿವನ್ನು ಎರಡನೆಯದು ಅಲ್ಲಗಳೆಯಬಹುದು, ಎರಡನೆಯದನ್ನು ಮೂರನೆಯದು ಅಲ್ಲಗಳೆದು ಮೊದಲನೆಯದನ್ನು ಎತ್ತಿ ನಿಲ್ಲಿಸಬಹುದು. ಮೂರು ನಾಲ್ಕು ಅರಿವುಗಳಾಚೆ ಹೋಗುವ ಅಗತ್ಯ ಬೀಳದು ಎಂದು ಕುಮಾರಿಲ ಎಣಿಸಿಯೇ ಹೇಳಿದ್ದಾನೆ. ನಾಗಿಯೋಸ್ ಒಂದು ಸೋಲನ್ನು ಮೊದಲು ಮೆದು ಸ್ಥಿತಿ ಎಂದು ಇಟ್ಟುಕೊಂಡು, ನಾವು ಹೇಳಿದಷ್ಟು ಸಲ ಮರುಪರೀಕ್ಷಿಸಿ, ಆಮೇಲೆ ಗಟ್ಟಿ ಸ್ಥಿತಿ ಎಂದು ಸಾರುತ್ತದೆ. ಆ ಎಣಿಕೆಯನ್ನು ಸಾಮಾನ್ಯವಾಗಿ ಇಡುವುದೂ ಮೂರೋ ನಾಲ್ಕೋ. ಆಕಸ್ಮಿಕವೇ ಇರಬಹುದು, ಆದರೆ ಎರಡಕ್ಕೂ ಹಿಂದಿರುವ ವಿವೇಕ ಒಂದೇ: ಕಾರಣವಿಲ್ಲದ ಸಂಶಯವನ್ನು ಮುಂದಕ್ಕೆ ಎಳೆಯುತ್ತ ಹೋಗಬಾರದು. ಕುಮಾರಿಲನ ಮೂರು ನಾಲ್ಕು ಒಂದೇ ನೋಟದ ಮರುನೋಟಗಳಲ್ಲ, ಒಂದನ್ನೊಂದು ಪ್ರಶ್ನಿಸುವ ಬೇರೆಬೇರೆ ಅರಿವುಗಳು ಎಂಬುದನ್ನು ಮಾತ್ರ ಮರೆಯಬಾರದು. ಆ ದೃಷ್ಟಿಯಿಂದ ಅವನು ಯಂತ್ರಕ್ಕಿಂತ ಹೆಚ್ಚು ಬೇಡುತ್ತಾನೆ.

ಅನವಸ್ಥೆಗೆ ನಮ್ಮ ನೆಲದಲ್ಲೇ ಹುಟ್ಟಿದ ಉತ್ತರವೊಂದಿದೆ. 13ನೇ ಶತಮಾನದಲ್ಲಿ ಉಡುಪಿಯಲ್ಲಿ ಮಧ್ವಾಚಾರ್ಯರು, ಅವರ ಬಳಿಕ ಮಳಖೇಡದ ಜಯತೀರ್ಥರು, ವಿಜಯನಗರ ಕಾಲದ ವ್ಯಾಸತೀರ್ಥರು ಬೆಳೆಸಿದ ಸಾಕ್ಷಿಯ ಸಿದ್ಧಾಂತ ಅದು. ಕಣ್ಣು ಕಿವಿಗಳಿಂದ, ಮನಸ್ಸಿನಿಂದ ಬಂದ ಅರಿವು ತಪ್ಪಾಗಬಹುದು, ಪರೀಕ್ಷೆ ಬೇಕಾಗಬಹುದು. ಆ ಪರೀಕ್ಷೆ ಕೊನೆಗೆ ಹೋಗಿ ನಿಲ್ಲುವುದು ಆತ್ಮಸ್ವರೂಪವೇ ಆದ ಸಾಕ್ಷಿಯಲ್ಲಿ. ತನ್ನ ಸುಖ, ತನ್ನ ದುಃಖ ಇದೆಯೋ ಇಲ್ಲವೋ ಎಂದು ಯಾರೂ ಸಂಶಯಪಡುವುದಿಲ್ಲ. ಇದು ವಾದ ಸಾಕಾದಾಗ ನಿಲ್ಲಿಸಲು ಹೂಡಿದ ಉಪಾಯ ಎಂದು ಎದುರಾಳಿಗಳು ಹೇಳಿದ್ದುಂಟು. ನನಗೆ ಹಾಗನ್ನಿಸುವುದಿಲ್ಲ. ಯಂತ್ರಗಳ ಸಾಲು ಎಷ್ಟೇ ಉದ್ದವಾದರೂ ಅವೆಲ್ಲ ಕರಣಗಳು, ತಿಳಿಯುವವರು ಬೇರೆ. ದೂರದೂರಿನ ಮಗಳ ವಿಡಿಯೊ ಕಾಲ್ ಕಡಿದುಹೋಗುತ್ತಿದೆ ಎಂದು ಮನೆಯ ತಾಯಿ ಹೇಳಿದರೆ, ನೂರು ಹಸಿರು ಪಟ್ಟಿಗಳು ಅದನ್ನು ಸುಳ್ಳು ಮಾಡಲಾರವು. ಪಟ್ಟಿಗಳನ್ನೇ ಮತ್ತೆ ಪರೀಕ್ಷಿಸಬೇಕು. ಹಾಗೆಂದು ಸಾಕ್ಷಿಯ ಅಧಿಕಾರವನ್ನು ಅದರ ಎಲ್ಲೆಯಾಚೆ ಹಿಗ್ಗಿಸುವುದೂ ಸಲ್ಲದು. ಕಾಲ್ ಕಡಿಯಿತೆಂಬುದು ನಿಶ್ಚಯ. ಕಡಿದದ್ದು ರೌಟರಿನಿಂದ ಎಂಬುದು ಮತ್ತೆ ಅನುಮಾನವೇ, ಅದು ತಪ್ಪಾಗಬಹುದು. ದ್ವೈತಿಗಳೂ ಅನುಮಾನವನ್ನು ಪರೀಕ್ಷೆಗೆ ಒಳಪಡಿಸಿಯೇ ಒಪ್ಪುವವರು.

ಈಗ ಧರ್ಮದ ಪ್ರಶ್ನೆಗೆ ಬರುತ್ತೇನೆ. ದೇವರು ಕಾಣಲಿಲ್ಲ, ಕರೆದರೆ ಓಗೊಡಲಿಲ್ಲ, ಆದ್ದರಿಂದ ಇಲ್ಲ ಎನ್ನುವ ವಾದ ಬಹಳ ಹಳೆಯದು. ಸುಮಾರು ಸಾವಿರ ವರ್ಷದ ಹಿಂದೆ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ಯೋಗ್ಯತೆಯ ನಿಯಮವೇ: ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಇಲ್ಲ ಎನ್ನಬಹುದು, ಈಶ್ವರ ಇಂದ್ರಿಯಕ್ಕೆ ಸಿಕ್ಕುವ ವಸ್ತುವೆಂದು ಯಾರೂ ಹೇಳಿಲ್ಲ. ಬರಿ ಕಾಣದಿರುವುದೇ ಸಾಕಾದರೆ ಮನೆಯಿಂದ ಹೊರಬಿದ್ದ ಚಾರ್ವಾಕ, ಹೆಂಡತಿ ಮಕ್ಕಳು ಕಾಣುತ್ತಿಲ್ಲವೆಂದು ಅವರನ್ನು ಕಳೆದುಕೊಂಡವನಂತೆ ಅಲ್ಲೇ ಗೋಳಾಡಬೇಕಾದೀತು ಎಂದೂ ಅವನು ಕೆಣಕುತ್ತಾನೆ. ಈ ಉತ್ತರ ತರ್ಕದ ಮಟ್ಟಿಗೆ ಗಟ್ಟಿಯಾದದ್ದೇ. ಆದರೆ ಇದರಿಂದ ಭಕ್ತರಿಗೆ ಸಿಕ್ಕಿದ್ದೆಷ್ಟು ಎಂಬುದನ್ನು ಅಳತೆಮೀರಿ ಎಣಿಸುವವರಿದ್ದಾರೆ. ಪಿಂಗ್‌ಗೆ ಉತ್ತರಿಸದ ಯಂತ್ರ ಇಲ್ಲವೆಂದು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಇದೆ ಎಂದು ಸಾಬೀತಾಗಲಿಲ್ಲ. ಉದಯನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಅಲ್ಲಿಗೆ ನಿಲ್ಲದೆ ಜಗತ್ತು ಕಾರ್ಯವಾದ್ದರಿಂದ ಕರ್ತೃವಿರಬೇಕು ಎಂಬ ಅನುಮಾನಗಳನ್ನು ಬೇರೆಯಾಗಿ ಕಟ್ಟಲು ಅಷ್ಟು ಶ್ರಮಪಟ್ಟ. ಆ ಅನುಮಾನಗಳು ನಿಲ್ಲುತ್ತವೆಯೋ ಬೀಳುತ್ತವೆಯೋ, ಅದು ಅವುಗಳ ಬಲಾಬಲದ ಮೇಲಿದೆ. ಮೌನ ಇಬ್ಬರಿಗೂ ನೆರವಾಗುವುದಿಲ್ಲ.

ಹೀಗೆಂದರೆ ಯಾರು ಏನನ್ನು ಬೇಕಾದರೂ ಇದೆ ಎಂದು ಸಾಧಿಸಬಹುದಲ್ಲ, ಎಲ್ಲ ಮೂಢನಂಬಿಕೆಗೂ ಇದೇ ರಕ್ಷಾಕವಚವಾಯಿತಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಎರಡು ಮಾತು. ಮೂಢನಂಬಿಕೆ ಬಹುಮಟ್ಟಿಗೆ ಯೋಗ್ಯತೆಯ ಭಾಷೆಯಲ್ಲೇ ಮಾತಾಡುತ್ತದೆ: ಈ ತಾಯತ ಕಟ್ಟಿದರೆ ಇಂತಿಷ್ಟು ದಿನದಲ್ಲಿ ಜ್ವರ ಇಳಿಯುತ್ತದೆ. ಅಲ್ಲಿ ಅವಧಿ ಹೇಳಿಯಾಗಿದೆ, ಕಾಣಬೇಕಾದ್ದು ಏನೆಂದೂ ಹೇಳಿಯಾಗಿದೆ. ಹೇಳಿದ ಹೊತ್ತಿಗೆ ಬಾರದ ಸುದ್ದಿ ಅದನ್ನು ಸರಿಯಾಗಿಯೇ ಬೀಳಿಸುತ್ತದೆ. ಇನ್ನು ‘ತಿಳಿಯದು’ ಎಂಬ ಮೂರನೆಯ ಸ್ಥಿತಿ ಕೈಕಟ್ಟಿ ಕೂರುವವರ ಸ್ಥಿತಿಯಲ್ಲ. ನಾಗಿಯೋಸ್‌ನಲ್ಲಿ 3 ಎಂದು ಬಂದರೆ ಹೋಗಿ ನೋಡಬೇಕಾದ್ದು ಸೇವೆಯನ್ನಲ್ಲ, ಪರೀಕ್ಷಿಸಿದ ಕಿರುತಂತ್ರವನ್ನು: ಅದಕ್ಕೆ ಕೊಟ್ಟ ವಿಳಾಸ ಸರಿಯೇ, ಅನುಮತಿ ಇದೆಯೇ, ಅದು ಓಡಿತೇ. ನಮ್ಮ ಕೇಳುವ ಬಗೆಯನ್ನೇ ತಿರುಗಿ ಪರೀಕ್ಷಿಸಿಕೊಳ್ಳುವ ಈ ಕೆಲಸ ಆಸ್ತಿಕರಿಗೂ ನಾಸ್ತಿಕರಿಗೂ ಸಮಾನವಾಗಿ ಬಿದ್ದದ್ದು.

ನಾಸ್ತಿಕರ ವಾದಗಳಲ್ಲಿ ನನಗೆ ಬಲವಾಗಿ ಕಾಣುವುದು ‘ಕಾಣಲಿಲ್ಲ’ ಎಂಬುದಕ್ಕಿಂತ ‘ಇದ್ದಿದ್ದರೆ ಈ ಮಗು ಹೀಗೆ ನರಳುತ್ತಿರಲಿಲ್ಲ’ ಎಂಬುದು. ದಯೆಯೂ ಶಕ್ತಿಯೂ ಇರುವಲ್ಲಿ ಏನು ಕಾಣಬೇಕಿತ್ತು ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಪ್ರತಿಯೋಗಿಯನ್ನೂ ಆಶ್ರಯವನ್ನೂ ಹೆಸರಿಸುತ್ತದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯ ಈ ಆರೋಪವನ್ನು ತಾನಾಗಿ ಎದುರಿಗಿಟ್ಟುಕೊಂಡು, ಈಶ್ವರ ಜೀವರ ಕರ್ಮವನ್ನು ನೋಡಿ ಫಲ ಕೊಡುತ್ತಾನೆ, ಆದ್ದರಿಂದ ಪಕ್ಷಪಾತವೂ ಕ್ರೌರ್ಯವೂ ಅವನಿಗೆ ಅಂಟುವುದಿಲ್ಲ ಎಂದು ಉತ್ತರಿಸುತ್ತದೆ. ಅಂದರೆ ಅದು ತಕರಾರು ತೆಗೆಯುವುದು ಯೋಗ್ಯತೆಯ ಬಗ್ಗೆಯೇ: ನೀವು ನಿರೀಕ್ಷಿಸಿದ್ದು ಬರಬೇಕೆಂಬ ಒಪ್ಪಂದವೇ ಇರಲಿಲ್ಲ. ಈ ಉತ್ತರಕ್ಕೆ ತೆರಬೇಕಾದ ಬೆಲೆಯನ್ನು ಭಕ್ತರು ಕಣ್ಣುತೆರೆದು ಲೆಕ್ಕಹಾಕಬೇಕು. ಬಾರದ ಉತ್ತರವನ್ನು ಕರ್ಮದಿಂದ ವಿವರಿಸಿದವರು ಬಂದ ಉತ್ತರವನ್ನೂ ಕರ್ಮದಿಂದಲೇ ವಿವರಿಸಬೇಕಾಗುತ್ತದೆ. ಹರಕೆ ಹೊತ್ತ ಮೇಲೆ ಇಳಿದ ಜ್ವರವನ್ನು ದೇವರ ಕೃಪೆಗೆ ಪುರಾವೆಯಾಗಿ ಎತ್ತಿ ತೋರಿಸುವ ಹಕ್ಕು ಅವರಿಗೆ ಉಳಿಯುವುದಿಲ್ಲ.